ಬೂದು ಬಣ್ಣದ ಅ

ಆಗಿನ್ನೂ ನಮ್ಮ ಕಾಡುಗೋಡಿಗೆ ಮೆಟ್ರೋ ಬಂದಿರಲಿಲ್ಲ. ರೈಲ್ವೆ ಸ್ಟೇಷನ್ ಹಿಂದಿನ ಬೀದಿಯಲ್ಲಿ ಎಮ್ಮೆಗಳೂ ಐಟಿ ಕಂಪನಿಗಳ ಕ್ಯಾಬುಗಳೂ ಒಂದೇ ರಸ್ತೆಗಾಗಿ ಜಗಳವಾಡುತ್ತಿದ್ದವು. ಗೆಲ್ಲುತ್ತಿದ್ದದ್ದು ಎಮ್ಮೆಗಳೇ. ಕಂಪ್ಯೂಟರ್ ಅಂದರೆ ಆ ಗಾಜಿನ ಕಟ್ಟಡಗಳ ಒಳಗಿನ ಸಂಗತಿ, ನಮಗೂ ಅದಕ್ಕೂ ಏನು ಸಂಬಂಧ ಎಂದು ನಾವೆಲ್ಲ ನೆಮ್ಮದಿಯಾಗಿದ್ದೆವು. ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅದು ನಮ್ಮ ಅಮ್ಮನನ್ನು ಹುಡುಕಿಕೊಂಡು ಬಂತು.

ಅಮ್ಮ ಬ್ರೂಕ್‌ಫೀಲ್ಡ್ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಕನ್ನಡ ಹೇಳಿಕೊಡುತ್ತಿದ್ದಳು. ನಾನೂ ಅದೇ ಶಾಲೆ. ಭಾನುವಾರ ಊಟವಾದ ಮೇಲೆ ನಡುಮನೆಯಲ್ಲಿ ಬಿಳಿ ಹಾಳೆ ಹರಡಿಕೊಂಡು, ಮಕ್ಕಳು ತಿದ್ದುವುದಕ್ಕೆ ಚುಕ್ಕಿ ಅಕ್ಷರ ಬರೆಯುತ್ತಿದ್ದಳು. ಆ ಹಾಳೆಗಳು ಸೋಮವಾರ ಜೆರಾಕ್ಸ್ ಆಗಿ ಕ್ಲಾಸಿಗೆ ಹೋಗುತ್ತಿದ್ದವು. ಅವಳು ಚುಕ್ಕಿ ಇಡುವುದನ್ನು ನೋಡುವುದೇ ಒಂದು ಸೊಗಸು. ಬಳೆ ಸದ್ದು, ಪೆನ್ನಿನ ಟಕಟಕ, ನೋಡನೋಡುತ್ತ ಹಾಳೆಯ ಮೇಲೊಂದು ಅ. ಅದು ಮುಗಿಯುವ ಕಡೆ ಒಳಕ್ಕೆ ಒಂದು ಸಣ್ಣ ತಿರುವು ಕೊಡುತ್ತಿದ್ದಳು, ಯಾವ ಪುಸ್ತಕದಲ್ಲೂ ಇಲ್ಲದ ತಿರುವು. ಅವಳ ಕೈಕೆಳಗೆ ಕಲಿತ ಮಕ್ಕಳೆಲ್ಲರ ಅಕಾರಕ್ಕೂ ಅದೇ ತಿರುವು. ನಮ್ಮ ನಾಲ್ಕನೇ ಕ್ಲಾಸಿನ ಮಿಸ್ ಕಾಪಿ ತಿದ್ದುವಾಗ ನನ್ನ ಕಡೆ ನೋಡಿ, ಎಲ್ಲ ನಿಮ್ಮಮ್ಮನ ಫಸಲು ಎಂದು ನಗುತ್ತಿದ್ದರು. ಹಾಳೆಯ ಕೊನೆಯಲ್ಲಿ ಒಂದು ಪುಟ್ಟ ಗುಬ್ಬಿಯನ್ನೋ ಬಾಳೆಗೊನೆಯನ್ನೋ ಬರೆದು ‘ಶಭಾಷ್’ ಎನ್ನುವುದನ್ನೂ ಅವಳು ಮರೆಯುತ್ತಿರಲಿಲ್ಲ.

ಶಾಲೆ ನಡೆಸುತ್ತಿದ್ದವರನ್ನು ಎಲ್ಲರೂ ಕರೆಸ್ಪಾಂಡೆಂಟ್ ಸರ್ ಎನ್ನುತ್ತಿದ್ದರು. ವರ್ಷದ ಕೊನೆಯ ಮೀಟಿಂಗಿನಲ್ಲಿ ಅವರು, ಜೂನ್‌ನಿಂದ ಎಲ್ಲ ಪ್ರಶ್ನೆಪತ್ರಿಕೆ, ಎಲ್ಲ ಅಭ್ಯಾಸದ ಹಾಳೆ ಕಂಪ್ಯೂಟರಿನಲ್ಲೇ ಆಗಬೇಕು ಎಂದುಬಿಟ್ಟರು. ಅಪಾರ್ಟ್‌ಮೆಂಟಿನ ತಂದೆತಾಯಿಯರು ಕೈಬರಹದ ಜೆರಾಕ್ಸ್ ನೋಡಿ ಮುಖ ಸಿಂಡರಿಸುತ್ತಾರಂತೆ. ಕಂಪ್ಯೂಟರ್ ಬಾರದವರು ಬೇರೆ ಕಡೆ ಕೆಲಸ ನೋಡಿಕೊಳ್ಳಬಹುದು ಎಂದು ನಗುನಗುತ್ತಲೇ ಹೇಳಿದರಂತೆ. ಅಮ್ಮ ಅವತ್ತು ಮನೆಗೆ ಬಂದವಳು ಚಪ್ಪಲಿ ಬಿಡದೆ ಜಗಲಿಯ ಮೇಲೆ ಕೂತುಬಿಟ್ಟಳು. ಕೆಲಸ ಹೋಗುತ್ತದೆ ಎನ್ನುವುದಕ್ಕಿಂತ, ನನ್ನ ಒಂದನೇ ಕ್ಲಾಸು ಹೋಗುತ್ತದೆ ಎಂದು ಅವಳು ಅಜ್ಜಿಯ ಹತ್ತಿರ ಅತ್ತಳು.

ನಮ್ಮ ಬೀದಿಯ ತುದಿಯಲ್ಲಿ ಮಂಜಣ್ಣನ ಡಿಟಿಪಿ ಅಂಗಡಿ ಇತ್ತು. ಮದುವೆ ಪತ್ರಿಕೆ, ತಿಥಿ ಕಾರ್ಡು, ಬಾಡಿಗೆ ಕರಾರು ಎಲ್ಲವೂ ಅವನ ಒಂದೇ ಕಂಪ್ಯೂಟರಿನಿಂದ ಹೊರಬರುತ್ತಿದ್ದವು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ಕಲಿಸಿಕೊಡಲು ಅವನು ಒಪ್ಪಿದ. ಅಮ್ಮನ ಜೊತೆ ನಾನೂ ಹೋಗುತ್ತಿದ್ದೆ. ಬಿಸಿ ಜೆರಾಕ್ಸ್ ಕಾಗದದ ವಾಸನೆ, ಪಕ್ಕದ ಗಾಡಿಯಿಂದ ಬರುವ ಬೇಯಿಸಿದ ಕಡ್ಲೆಕಾಯಿಯ ವಾಸನೆ, ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳು. ಆ ಬೇಸಿಗೆಯ ರುಚಿ ನನಗೆ ಇವಿಷ್ಟೂ ಸೇರಿದ್ದು. ಬೇಸರವಾದಾಗ ಅಂಗಡಿಯ ಮುಂದೆ ಕುಂಟೆಬಿಲ್ಲೆ ಆಡುತ್ತ ಕಿಟಕಿಯಿಂದ ಅಮ್ಮನನ್ನು ಇಣುಕುತ್ತಿದ್ದೆ. ಎರಡು ತೋರುಬೆರಳುಗಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ ಒತ್ತುತ್ತಿದ್ದಳು.

ಇಂಗ್ಲಿಷಿನ ಕೀಲಿಗಳ ಮೇಲೆ ಕನ್ನಡ ಎಲ್ಲೆಲ್ಲಿ ಅಡಗಿದೆ ಎಂದು ಕಲಿಯುವುದೇ ಮೊದಲ ಪಾಠ. ಶಿಫ್ಟ್ ಹಿಡಿದರೆ ಅಲ್ಪಪ್ರಾಣ ಮಹಾಪ್ರಾಣವಾಗುತ್ತದೆ, ಎಫ್ ಒತ್ತಿದರೆ ಒತ್ತಕ್ಷರ ಬರುತ್ತದೆ. ಅಮ್ಮ ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿ, ಮುದ್ದೆ ತಿರುವುವಾಗಲೂ ಗೊಣಗುತ್ತಿದ್ದಳು. ಎರಡು ಸಲ ಕರೆಂಟು ಹೋಗಿ ಟೈಪ್ ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾದ ಮೇಲೆ ಸೇವ್ ಮಾಡುವುದು ಅವಳಿಗೆ ವ್ರತವಾಯಿತು. ಸಾಲಿಗೊಮ್ಮೆ ಸೇವ್ ಒತ್ತಿ ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ‘ಹೊಂದಿಸಿ ಬರೆಯಿರಿ’ಯ ಎರಡು ಪಟ್ಟಿಗಳ ನಡುವಿನ ಜಾಗವನ್ನು ಅವಳು ಸ್ಪೇಸ್ ಒತ್ತಿ ಒತ್ತಿ ತುಂಬಿದ್ದಳು. ಪ್ರಿಂಟಿನಲ್ಲಿ ಎಡಗಡೆಯ ಹಸು, ಗುಬ್ಬಿ, ಜೇನು ನೆಟ್ಟಗಿದ್ದವು. ಬಲಗಡೆಯ ಕೊಟ್ಟಿಗೆ, ಗೂಡು, ಹುಟ್ಟು ಮಾತ್ರ ಕುಡಿದವರ ಹಾಗೆ ಒಂದೊಂದು ದಿಕ್ಕಿಗೆ ವಾಲಿದ್ದವು. ಮಂಜಣ್ಣ ನಗಲಿಲ್ಲ. ಟೇಬಲ್ ಎನ್ನುವ ಗೆರೆಗಳ ಚೌಕಟ್ಟು ಹಾಕಿ, ಅಕ್ಷರ ತುಂಬಿ, ಆಮೇಲೆ ಗೆರೆ ಅಳಿಸುವುದನ್ನು ತೋರಿಸಿದ. ಓಹೋ, ಮೊದಲು ಚುಕ್ಕಿ ಇಟ್ಟು ಆಮೇಲೆ ರಂಗೋಲಿ ಎಂದು ಅಮ್ಮನಿಗೆ ಥಟ್ಟನೆ ಹೊಳೆಯಿತು. ಅಲ್ಲಿಂದ ಅವಳ ಕೈ ಓಡತೊಡಗಿತು.

ಮೇ ತಿಂಗಳ ಕೊನೆಗೆ ಅಮ್ಮ ಮೊದಲ ಹಾಳೆಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಶಾಲೆಗೆ ಹೋದಳು. ಜರಿಯಂಚಿನ ಸೀರೆ ಉಟ್ಟಿದ್ದಳು. ಶಾಲೆಯ ಕಂಪ್ಯೂಟರಿನಲ್ಲಿ ಕರೆಸ್ಪಾಂಡೆಂಟ್ ಸರ್ ಎದುರಿಗೇ ಫೈಲು ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಬರೀ ಇಂಗ್ಲಿಷಿನ ಚೂರುಪಾರು, ತಲೆಯ ಮೇಲೆ ಕೊಂಬು ಮೂಡಿದ ಅಕ್ಷರಗಳು. ಅವರು ಕೈಗಡಿಯಾರ ನೋಡಿಕೊಂಡರು. ಅಮ್ಮ ಬಿಸಿಲಲ್ಲಿ ಬಸ್ಸಿಗೂ ಕಾಯದೆ ನಡೆದುಕೊಂಡೇ ಅಂಗಡಿಗೆ ಬಂದಳು. ಎಲ್ಲ ಅಳಿಸಿಹೋಗಿದೆ ಎಂದೇ ಅವಳು ನಂಬಿದ್ದಳು.

“ಏನೂ ಅಳಿಸಿಲ್ಲ ಅಕ್ಕ,” ಎಂದ ಮಂಜಣ್ಣ. “ಅಲ್ಲಿ ಕನ್ನಡದ ಫಾಂಟ್ ಇಲ್ಲ, ಅಷ್ಟೇ. ನಾವು ಫೈಲ್ ಜೊತೆ ಫಾಂಟೂ ತಗೊಂಡೋಗ್ಬೇಕಿತ್ತು.”

ಅಡುಗೆ ಕಟ್ಟಿಕೊಂಡು ಹೋಗಿ ಬಾಳೆಲೆ ಮರೆತ ಹಾಗಾಗಿತ್ತು. ಮಾರನೇ ದಿನ ಮಂಜಣ್ಣನೇ ಹೋಗಿ ಶಾಲೆಯ ಕಂಪ್ಯೂಟರಿಗೆ ಕನ್ನಡ ಹಾಕಿಕೊಟ್ಟು ಬಂದ.

ಆದರೂ ಒಂದು ತೊಡಕು ಉಳಿದಿತ್ತು. ಚುಕ್ಕಿ ಅಕ್ಷರ ಯಾವ ಫಾಂಟಿನಲ್ಲೂ ಇರಲಿಲ್ಲ. ಅಮ್ಮನ ಪಾಠ ನಿಂತಿದ್ದೇ ಆ ಚುಕ್ಕಿಯ ಮೇಲೆ. ಮಂಜಣ್ಣನೂ ಕೈಚೆಲ್ಲಿದ. ಒಂದು ಮಧ್ಯಾಹ್ನ ಅಮ್ಮ ಕಂಪ್ಯೂಟರಿನಲ್ಲಿ ಅಕ್ಷರದ ಬಣ್ಣ ಬದಲಿಸುವ ಡಬ್ಬಿಯನ್ನು ತೆರೆದು ಕೆಂಪು, ಹಸಿರು ಎಂದು ಒಂದೊಂದೇ ಒತ್ತಿ ನೋಡುತ್ತ ತಿಳಿ ಬೂದಿಗೆ ಬಂದು ನಿಂತಳು. ದೊಡ್ಡದೊಂದು ಅ ಹೊಡೆದು, ಬೂದು ಮಾಡಿ, ಪ್ರಿಂಟ್ ತೆಗೆಸಿ ನನ್ನ ಕೈಗೆ ಪೆನ್ಸಿಲ್ ಕೊಟ್ಟಳು. ನಾನು ಆ ಮಸುಕಾದ ಅಕ್ಷರದ ಮೇಲೆ ತಿದ್ದಿದೆ. ಗೆರೆ ಎಲ್ಲೂ ತಪ್ಪಲಿಲ್ಲ. ಅಮ್ಮ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು. ಆ ಸಂಜೆ ನಮಗಿಬ್ಬರಿಗೂ ಮಸಾಲೆಪುರಿ ಆಯಿತು. ಅವಳನ್ನು ಅಷ್ಟು ಖುಷಿಯಾಗಿ ನಾನು ಮತ್ತೆ ನೋಡಲಿಲ್ಲ ಅನ್ನಿಸುತ್ತದೆ.

ಶಾಲೆ ಶುರುವಾಯಿತು. ಬೂದು ಅಕ್ಷರದ ಹಾಳೆ ನೋಡಿ ಕರೆಸ್ಪಾಂಡೆಂಟ್ ಸರ್ ಬೆರಗಾದರು. ಇಂಗ್ಲಿಷ್ ಮಿಸ್, ಲೆಕ್ಕದ ಮಿಸ್ ತಮ್ಮ ಹಾಳೆಗಳನ್ನೂ ಅಮ್ಮನ ಹತ್ತಿರವೇ ತಂದರು. ಅವಳು ಉಬ್ಬಿಹೋಗಿ ಎಲ್ಲರಿಗೂ ಮಾಡಿಕೊಟ್ಟಳು. ದಸರಾ ರಜೆಗೆ ಮುಂಚೆ ಸರ್ ಅವಳನ್ನು ಕೋಣೆಗೆ ಕರೆದು ಹೇಳಿದ ಮಾತನ್ನು ಅವಳು ಮನೆಯಲ್ಲಿ ಹಾಗೆಹಾಗೆಯೇ ಒಪ್ಪಿಸಿದಳು.

“ಮೇಡಂ, ಪಾಠ ಯಾರ್ ಬೇಕಾದ್ರೂ ಮಾಡ್ತಾರೆ. ಇಷ್ಟು ನೀಟಾಗಿ ಪೇಪರ್ ಮಾಡೋರು ಎಲ್ಲಿ ಸಿಗ್ತಾರೆ? ನೀವು ಆಫೀಸಿಗೆ ಬಂದ್ಬಿಡಿ.”

ಫ್ಯಾನಿನ ಕೆಳಗೆ ಕೂರುವ ಕೆಲಸ, ಗಂಟಲು ಹರಿದುಕೊಳ್ಳಬೇಕಾಗಿಲ್ಲ, ತಿರುಗುವ ಕುರ್ಚಿ ಬೇರೆ ಎಂದು ಅಮ್ಮ ಶುಭವಾರ್ತೆಯ ಹಾಗೆಯೇ ಹೇಳಿದಳು. ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತಿದ್ದವಳು ತಲೆ ಎತ್ತಿದಳು.

“ಅಂಗಾರೆ ಮಕ್ಳು?”

“ಮಕ್ಕಳಿಗೆ ಬೇರೆ ಮಿಸ್ ಬರ್ತಾರಮ್ಮ,” ಎಂದು ಅಮ್ಮ ಅಕ್ಕಿ ತೊಳೆಯಲು ಎದ್ದುಹೋದಳು. ಬಹಳ ಹೊತ್ತು ತೊಳೆಯುತ್ತಲೇ ಇದ್ದಳು.

ಯಾವುದನ್ನು ಉಳಿಸಿಕೊಳ್ಳಲು ಅವಳು ಅಷ್ಟು ಕಷ್ಟಪಟ್ಟು ಕಲಿತಳೋ, ಕಲಿತದ್ದೇ ಅದನ್ನು ಕಿತ್ತುಕೊಂಡಿತು. ಬಾರದೆ ಸೋತಿದ್ದರೆ ಯಾರನ್ನಾದರೂ ಬೈಯಬಹುದಿತ್ತು. ಗೆದ್ದವಳ ಪರವಾಗಿ ಯಾರನ್ನು ಬೈಯುವುದು? ಅವಳು ರಿಟೈರಾಗುವ ತನಕ ಆ ಕುರ್ಚಿಯಲ್ಲೇ ಕೂತು ಎಲ್ಲರ ಪ್ರಶ್ನೆಗಳನ್ನೂ ಅಂದವಾಗಿ ಜೋಡಿಸಿಕೊಟ್ಟಳು. ಭಾನುವಾರದ ಬಿಳಿ ಹಾಳೆ ನಿಂತುಹೋಯಿತು. ಗುಬ್ಬಿ, ಬಾಳೆಗೊನೆಗಳ ಜಾಗಕ್ಕೆ ಕಂಪ್ಯೂಟರಿನ ನಗುಮುಖದ ಚಿತ್ರ ಬಂತು. ಆಮೇಲೆ ಒಂದನೇ ಕ್ಲಾಸಿಗೆ ಬಂದ ಮಕ್ಕಳ ಅಕಾರದಲ್ಲಿ ಆ ತಿರುವು ಕಾಣಲಿಲ್ಲ.

ಹೋದ ತಿಂಗಳು ಅಮ್ಮನನ್ನು ಕರೆದುಕೊಂಡು ಕಾಡುಗೋಡಿ ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುತ್ತಿದ್ದೆ. ಕುತ್ತಿಗೆಗೆ ಕಂಪನಿಯ ಕಾರ್ಡು ನೇತುಹಾಕಿಕೊಂಡ ಹುಡುಗನೊಬ್ಬ ನಿಂತು, “ಆಂಟಿ, ನೀವು ನಮ್ ಸ್ಕೂಲ್ ಆಫೀಸಲ್ಲಿ ಟೈಪ್ ಮಾಡ್ತಿದ್ರಲ್ವಾ?” ಎಂದ. ಅವರು ಟೀಚರ್ ಕಣಪ್ಪ ಎಂದು ಹೇಳಲು ನಾನು ಬಾಯಿ ತೆರೆದೆ. ಅಮ್ಮ ನನ್ನ ಕೈ ಒತ್ತಿ, “ಹೂಂ ಕಣಪ್ಪ, ನಾನೇ,” ಎಂದು ನಕ್ಕಳು.

ಮನೆಗೆ ಬಂದವಳೇ ನಾನು ಒಂದು ಬಿಳಿ ಹಾಳೆ, ಪೆನ್ನು ತಂದು ಅಮ್ಮನ ಮುಂದಿಟ್ಟೆ. ನನ್ನ ಮಗಳು ಈ ವರ್ಷ ಅಕ್ಷರ ಕಲಿಯುತ್ತಿದ್ದಾಳೆ, ಅವಳಿಗೊಂದು ಚುಕ್ಕಿಯ ಅ ಬರೆದುಕೊಡು ಎಂದೆ. ಅಮ್ಮ ಕನ್ನಡಕ ಏರಿಸಿ ಕೂತಳು. ನಾಲ್ಕೈದು ಚುಕ್ಕಿ ಇಟ್ಟಳು, ನಿಲ್ಲಿಸಿದಳು. ಮತ್ತೊಂದು ಕಡೆ ಶುರುಮಾಡಿದಳು. ತಿರುವಿನ ಹತ್ತಿರ ಬಂದು ಪೆನ್ನು ಎತ್ತಿ ಹಿಡಿದು, ಅದು ಎಡಕ್ಕೋ ಬಲಕ್ಕೋ ಎಂದು ಯೋಚಿಸುವವಳ ಹಾಗೆ ಹಾಳೆಯನ್ನೇ ನೋಡಿದಳು. ಆಮೇಲೆ ಪೆನ್ನನ್ನು ನನ್ನ ಕಡೆಗೆ ತಳ್ಳಿದಳು.

“ಕಂಪ್ಯೂಟರಲ್ಲಿ ಬೂದು ಬಣ್ಣ ಕೊಟ್ಟು ಒಂದು ಪ್ರಿಂಟ್ ತೆಗೆದ್ಬಿಡೇ. ನೀಟಾಗಿ ಬರುತ್ತೆ.”

ತೆಗೆದೆ. ನೀಟಾಗಿಯೇ ಬಂತು. ಮಗಳು ಅದರ ಮೇಲೆ ಗೆರೆ ತಪ್ಪದೆ ತಿದ್ದಿದಳು. ಆ ಅ ನಮ್ಮಮ್ಮನದಲ್ಲ, ಯಾರದೂ ಅಲ್ಲ.