ತವರಿನ ಮಣ್ಣಿನ ತೂಗುಬುಟ್ಟಿ

ತೂಗುಬುಟ್ಟಿಗೆ ನರ್ಸರಿಯವರು ತೆಂಗಿನ ನಾರಿನ ಪುಡಿ ತುಂಬಿ ಕೊಡುತ್ತಾರೆ. ನನಗದು ಮಣ್ಣು ಅನ್ನಿಸಲೇ ಇಲ್ಲ. ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳು, ಊದಿದರೆ ಹಾರುವ ಪುಡಿಯಲ್ಲಿ ಗಿಡ ನೆಡುವುದೇ? ತವರೂರು ತಡವಳಕ್ಕೆ ಹೋದಾಗ ಹೊಲದ ಎರೆಮಣ್ಣನ್ನು ಗೊಬ್ಬರದ ಚೀಲದಲ್ಲಿ ತುಂಬಿಕೊಂಡೆ. ತಮ್ಮ ನಕ್ಕ.

"ಅಕ್ಕಾ, ಸೊಲ್ಲಾಪುರದಾಗ ಮಣ್ಣಿಗೂ ಬರ ಬಂದದೇನ?"

"ಬಂದದ. ನೀ ಸುಮ್ಮ ಚೀಲ ಎತ್ತು," ಅಂದೆ.

ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸುವಾಗ ಸೊಂಟ ಹಿಡಿಯಿತು. ಆದರೂ ಮನೆ ಮುಟ್ಟಿದ ದಿನವೇ ಆ ಮಣ್ಣನ್ನು ಬುಟ್ಟಿಗೆ ಒತ್ತಿ ತುಂಬಿ ಹತ್ತು ಗಂಟೆ ಹೂವಿನ ಕಡ್ಡಿಗಳನ್ನು ಊರಿದೆ. ಬಿಸಿಲು ಬೇಕೆಂದು, ನಮ್ಮ ಎರಡನೇ ಮಹಡಿಯ ಗ್ಯಾಲರಿಯ ಹೊರಗೆ, ಗೋಡೆಗೆ ಮೊಳೆ ಹೊಡೆದು ಕೂರಿಸಿದ ಕಬ್ಬಿಣದ ಪಟ್ಟಿಗೆ ಸರಪಳಿಯಿಂದ ತೂಗುಹಾಕಿದೆ. ಕಡ್ಡಿಗಳು ಹತ್ತಿಕೊಂಡವು, ಅಂಚಿನಿಂದ ಗುಲಾಬಿ ಬಣ್ಣದ ಹೂಗಳು ಇಳಿಬಿದ್ದವು.

ಕೆಳಮನೆಯಲ್ಲಿ ಒಂದು ಎಳೆಗೂಸು. ಅದರ ಅಜ್ಜಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಆಯಿ ಕೂಸಿಗೆ ಎಣ್ಣೆ ಹಚ್ಚಿ ಬಿಸಿಲಿಗೆಂದು ಅಂಗಳದಲ್ಲಿ ಕೌದಿ ಹಾಸಿ ಮಲಗಿಸುತ್ತಿದ್ದಳು, ಸರಿಯಾಗಿ ನನ್ನ ಬುಟ್ಟಿಯ ಕೆಳಗೆ. ಹೂ ಅಲ್ಲಾಡಿದರೆ ಸಾಕು, ಕೂಸು ಕೈಕಾಲು ಬಡಿಯುವುದು. "ನಿನ್ನ ಹೂವ ಇದ್ರ ನನಗ ಆಡಿಸೂ ಕೆಲಸಿಲ್ಲ ನೋಡವ್ವಾ," ಅನ್ನುತ್ತಿದ್ದಳು. ನಾನು ಉಬ್ಬಿಹೋಗುತ್ತಿದ್ದೆ.

ಸೊಲ್ಲಾಪುರದಲ್ಲಿ ನಳ ದಿನಾ ಬರುವುದಿಲ್ಲ. ಬಂದ ದಿನ ಮನೆಮನೆಯಲ್ಲೂ ಮೋಟರು ಹಚ್ಚಿ, ಹೊಸ ನೀರು ಹಿಡಿಯಲು ಪಾತ್ರೆಗಳಲ್ಲಿ ಉಳಿದ ಹಳೆಯ ನೀರನ್ನೆಲ್ಲ ಚೆಲ್ಲುತ್ತಾರೆ. ಚೆಲ್ಲಲು ಮನಸ್ಸು ಬಾರದೆ ನಾನು ಗಿಡಕ್ಕೆ ಹಾಕುವವಳು. ಅಂಥ ಒಂದು ದಿನ ಕೊಡದಷ್ಟು ನೀರನ್ನು ಆ ಬುಟ್ಟಿಗೇ ಸುರಿದೆ. ಒಣಗಿ ಬಿರಿದಿದ್ದ ಮಣ್ಣು ಗಟಗಟ ಕುಡಿಯಿತು. ನಾರಿನ ಪುಡಿಯಾಗಿದ್ದರೆ ಸೋರಿಹೋಗುತ್ತಿತ್ತೇನೋ. ಎರೆಮಣ್ಣು ಕುಡಿದ ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಹೊಲದಲ್ಲಿ ಅದೇ ಅದರ ಗುಣ.

ನೆನೆದ ಬುಟ್ಟಿಯ ಭಾರಕ್ಕೆ ಗೋಡೆಯಿಂದ ಸಿಮೆಂಟಿನ ಪುಡಿ ಉದುರಿತು. ಪಟ್ಟಿಯ ಒಂದು ಮೊಳೆ ಹೊರಬಂದಿತ್ತು. ಬಗ್ಗಿ ನೋಡಿದರೆ ಕೆಳಗೆ ಕೂಸು ಒಂದೇ ಮಲಗಿದೆ. ಆಯಿ ನೀರು ಹಿಡಿಯಲು ಒಳಗೆ ಹೋಗಿದ್ದಾಳೆ.

ಎರಡೂ ಕೈಯಿಂದ ಸರಪಳಿ ಹಿಡಿದುಕೊಂಡೆ. ಎತ್ತಿ ಒಳಗೆ ತರುವ ಶಕ್ತಿ ಇಲ್ಲ, ಬಿಡುವಂತಿಲ್ಲ, ಮನೆಯಲ್ಲಿ ಮತ್ತಾರೂ ಇಲ್ಲ. "ಆಯೀ! ಕೂಸಿನ್ನ ಎತ್ಕೋರಿ!" ಎಂದು ಕಿರುಚಿದೆ. ಮೋಟರುಗಳ ಸದ್ದಿನಲ್ಲಿ ನನ್ನ ದನಿ ಒಳಗೆ ಮುಟ್ಟಲಿಲ್ಲ. ಇನ್ನೊಂದು ಮೊಳೆಯೂ ಸಡಿಲಿತು. ಸರಪಳಿ ಬೆರಳು ಕೊರೆಯತೊಡಗಿತು. ಕೂಸು ಹೂವನ್ನೇ ನೋಡುತ್ತ ನಗುತ್ತಿತ್ತು. ಅಳು ಕಂದಾ, ಒಮ್ಮೆ ಅಳು ಎಂದು ಬೇಡಿಕೊಂಡೆ. ಅಷ್ಟು ಹೆದರಿಕೆ ನನಗೆ ನನ್ನ ಹೆರಿಗೆಯಲ್ಲೂ ಆಗಿರಲಿಲ್ಲ.

ಕೊನೆಗೆ ಬುಟ್ಟಿಯ ತಳದಿಂದ ಕೆಸರುನೀರು ತೊಟ್ಟಿಕ್ಕಿ ಕೂಸಿನ ಮುಖಕ್ಕೆ ಬಿತ್ತು. ಅದು ಚಿಟ್ಟನೆ ಚೀರಿತು. ನನ್ನ ಕೂಗು ಕೇಳದ ಆಯಿಗೆ ಆ ಅಳು ಕೇಳಿಸಿತು. ಓಡಿಬಂದು ಎತ್ತಿಕೊಂಡು, ಮೇಲೆ ನೋಡಿ ಬೈದಳು: "ಕೂಸಿನ ಮಾರಿ ಮ್ಯಾಲ ನೀರ ಚೆಲ್ತಿಯಲ್ಲ, ಕಣ್ಣ ಕಾಣಂಗಿಲ್ಲೇನ?"

"ಒಳಗ ಹೋಗ್ರಿ ಆಯಿ, ಒಳಗ!"

ನನ್ನ ಮುಖ ನೋಡಿಯೇ ಇರಬೇಕು, ತಿರುಗಿ ಕೇಳದೆ ಹೊಸ್ತಿಲು ದಾಟಿದಳು. ನನ್ನ ಕೈಗಳು ಸೋತವು. ಬುಟ್ಟಿ ಪಟ್ಟಿಯ ಸಮೇತ ಕೂಸಿನ ಕೌದಿಯ ಮೇಲೆ ಬಿತ್ತು. ಪುಟ್ಟ ತಲೆದಿಂಬು ಮಣ್ಣಿನಡಿ ಸೇರಿ ಕಾಣದಾಯಿತು.

ಕೂಸನ್ನು ಎತ್ತಿಕೊಂಡು ಆಯಿ ಮೆಟ್ಟಿಲು ಹತ್ತಿ ಬಂದಳು. ಜಗಳಕ್ಕೇ ಬಂದಳೆಂದುಕೊಂಡೆ. ಗೋಡೆಗೆ ಒರಗಿ ನೆಲದ ಮೇಲೆ ಕುಸಿದಿದ್ದ ನನ್ನನ್ನು ನೋಡಿ ಅವಳ ಸಿಟ್ಟು ಇಳಿಯಿತು.

"ಭಾಳ ಅಂಜೀದಿ ಯವ್ವಾ. ತಗೋ, ಒಂದೀಟ ಎದಿಗಿ ಹಚ್ಕೋ. ಇದಕ ಏನೂ ಆಗಿಲ್ಲ," ಎಂದು ಕೂಸನ್ನು ನನ್ನತ್ತ ಚಾಚಿದಳು.

ಕೂಸು ನನ್ನ ನೋಡಿ ನಕ್ಕಿತು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

"ಬ್ಯಾಡ್ರಿ ಆಯಿ," ಅಂದೆ. "ನನ್ನ ಕೈಯಾಗ ಕೊಡಬ್ಯಾಡ್ರಿ."