ಹುಣಸೆಹಣ್ಣಿಗೆ ಸವೆದ ಕಾಸು

ನಾನು ಹಳೇ ತಾಮ್ರದ ಕಾಸು ಗುರುತಿಸ್ತೀನಿ ಅಂತ ಕೇಳಿ, ಶಿವನಿಯಿಂದ ಒಬ್ಬ ಅಜ್ಜಿ ಅಜ್ಜಂಪುರದ ನನ್ನ ಪಾತ್ರೆ ಅಂಗಡಿಗೆ ಬಂದರು. ಅವರ ತಾತ ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರ ಕಡೆಯಿಂದ ಫ್ರಾನ್ಸಿಗೆ ಹೋಗಿ ಅಲ್ಲೇ ತೀರಿಕೊಂಡರಂತೆ. ತಾತನ ಬಟ್ಟೆಗಂಟಿನ ಜೊತೆ ಊರಿಗೆ ಬಂದದ್ದು ಅಜ್ಜಿ ಈಗ ತಂದಿದ್ದ ಈ ಕಾಸು.

“ತಾತ ಹಡಗೇ ಹತ್ಲಿಲ್ಲ, ಬೊಂಬಾಯಲ್ಲಿ ಇನ್ನೊಂದು ಸಂಸಾರ ಮಾಡ್ಕಂಡ ಅಂತಾರೆ ದಾಯಾದಿಗಳು. ಇದು ಫ್ರಾನ್ಸಿಂದು ಅಂತ ಹೇಳ್ಬಿಡಿ ಸಾವ್ಕಾರ್ರೇ.”

ಭೂತಗನ್ನಡಿ ಹಿಡಿದೆ. ರಾಜನ ತಲೆಯಿದ್ದರೆ ಬ್ರಿಟಿಷರದು, ಟೋಪಿ ಹಾಕಿದ ಹೆಂಗಸಿದ್ದರೆ ಫ್ರೆಂಚರದು. ಇದು ಎರಡೂ ಕಡೆ ನುಣ್ಣಗಿತ್ತು. ತಕ್ಕಡಿಗೂ ಹಾಕಿದೆ. ಅಷ್ಟು ಸವೆದ ಕಾಸಿನ ತೂಕ ನಂಬೋ ಹಾಗಿರಲಿಲ್ಲ.

“ಯಾರಮ್ಮಾ ಇದನ್ನ ಹೀಗೆ ಉಜ್ಜಿದ್ದು?”

“ನಾನೇ ಕಣಪ್ಪ. ದೇವರ ತಟ್ಟೇಲಿರೋದಲ್ವಾ, ಶುಕ್ರವಾರ ಶುಕ್ರವಾರ ಹುಣಸೆಹಣ್ಣು, ಬೂದಿ ಹಾಕಿ ತೊಳಿತೀನಿ. ಮಸುಕಾಗಿ ಒಂದು ಮುಖ ಇತ್ತು. ನಿಮಗೆ ಚೆನ್ನಾಗಿ ಕಾಣ್ಲಿ ಅಂತ ನೆನ್ನೆ ಸ್ವಲ್ಪ ಜಾಸ್ತಿನೇ ಉಜ್ಜಿದೆ.”

“ಗಂಡಸಿನ ಮುಖನಾ, ಹೆಂಗಸಿಂದಾ?”

“ಯಾರು ನೋಡಿದ್ರು? ತಾತನೇ ಅಂದ್ಕಂಡು ಕೈ ಮುಗಿತಿದ್ವಿ.”

ಹೇಳೋಕಾಗಲ್ಲ ಅಂದೆ. ಅಜ್ಜಿ ಕಾಸನ್ನು ಸೆರಗಿಗೆ ಗಂಟು ಹಾಕಿಕೊಂಡು ಬಸ್ಸಿಗೆ ಹೋದರು. ಅಷ್ಟು ಹೊಳೆಯುವ ತಾಮ್ರ ನನ್ನ ಅಂಗಡಿಯಲ್ಲೂ ಇರಲಿಲ್ಲ.