ಆಳನ್ನು ಅಳಿಸಿದರು, ನೆರಳನ್ನು ಮರೆತರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೋಟೆಲಿನ ಅತಿಥಿಗಳು ದಪ್ಪ ಪರದೆಗಳ ಹಿಂದೆ ಮಲಗಿದ್ದಾರೆ. ಅವರ ಕೋಣೆಗಳ ಗೋಡೆಯಾಚೆ, ಲಿಫ್ಟ್ ಓಡಾಡುವ ಕತ್ತಲ ಬಾವಿಯಲ್ಲಿ, ಐವತ್ತು ದಾಟಿದ ಒಬ್ಬ ಮನುಷ್ಯ ಲಿಫ್ಟ್ ಪೆಟ್ಟಿಗೆಯ ನೆತ್ತಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಹಣೆಗೆ ದೀಪ ಕಟ್ಟಿಕೊಂಡು ಉಕ್ಕಿನ ಹಗ್ಗವನ್ನು ಹಳೆಯ ಬಟ್ಟೆಯಿಂದ ಮೆಲ್ಲಗೆ ಒರೆಸುತ್ತಾರೆ. ಹಗ್ಗದ ಒಂದೇ ಒಂದು ಎಳೆ ಕಡಿದಿದ್ದರೂ ಅದು ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಇವತ್ತು ಯಾವುದೂ ಸಿಕ್ಕಿಲ್ಲ.

"ಲಿಫ್ಟ್ ನಿಂತ ದಿನ ನಮ್ಮನ್ನ ಬೈಯೋಕೆ ಎಲ್ಲರಿಗೂ ಬಾಯಿ ಬರುತ್ತೆ. ಓಡಿದ ದಿನ ನಾವಿದ್ದೀವಿ ಅನ್ನೋದೇ ಯಾರಿಗೂ ನೆನಪಿರಲ್ಲ. ಇರಲಿ ಬಿಡಿ, ಅದು ಅಭ್ಯಾಸ ಆಗಿಹೋಗಿದೆ" ಎನ್ನುತ್ತಾ ಅವರು ಕೆಳಗಿಳಿಯುತ್ತಾರೆ.

ಅಭ್ಯಾಸವಾಗದ ಸಂಗತಿಯೊಂದು ಕೆಳಗಿನ ಹಜಾರದಲ್ಲಿದೆ. ಅತಿಥಿಗಳು ಒಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವ ಗೋಡೆಯ ಮೇಲೆ ಆಳೆತ್ತರದ ಕಪ್ಪು ಬಿಳುಪು ಚಿತ್ರ. ಮುಚ್ಚಿದ ನೂಲಿನ ಗಿರಣಿಯ ಉದ್ದನೆಯ ಕೋಣೆ, ಒಡೆದ ಗಾಜಿನ ಕಿಟಕಿಗಳು, ಓರೆಯಾಗಿ ಬಿದ್ದ ಬೆಳಗಿನ ಬಿಸಿಲು. ನೆಲದ ಮೇಲೆ ಯಂತ್ರ ಕಿತ್ತ ಜಾಗದಲ್ಲಿ ನಾಲ್ಕು ಬೋಲ್ಟಿನ ಮೊಂಡುಗಳು. ಅವುಗಳ ನಡುವಿನಿಂದ ಹೊರಟ ಒಂದು ನೀಳವಾದ ನೆರಳು ಗೋಡೆಯವರೆಗೂ ಚಾಚಿಕೊಂಡಿದೆ. ನೆರಳಿದೆ, ಅದರ ಬುಡದಲ್ಲಿ ಯಾರೂ ಇಲ್ಲ. ಕೆಳಗೆ ಹಿತ್ತಾಳೆಯ ತಗಡಿನಲ್ಲಿ "ಮೌನದ ಚೆಲುವು" ಎಂದು ಕೆತ್ತಿದ್ದಾರೆ. ತೆಗೆದವರ ಹೆಸರಿಲ್ಲ.

ತೆಗೆದವರು ಹೆಗಲಿಗೆ ಸ್ಪ್ಯಾನರಿನ ಚೀಲ ತೂಗುಹಾಕಿಕೊಂಡು ಅದರ ಮುಂದೆಯೇ ನಿಂತಿದ್ದಾರೆ.

ಜೊತೆಯ ಮೆಕ್ಯಾನಿಕ್‌ಗಳು ಅವರನ್ನು ಪಾಳಣ್ಣ ಎಂದು ಕರೆಯುತ್ತಾರೆ. ಪಾಳುಬಿದ್ದ ಕಟ್ಟಡ ಕಂಡರೆ ಬಸ್ಸು ತಪ್ಪಿದರೂ ಪರವಾಗಿಲ್ಲ ಎನ್ನುವ ಆಸಾಮಿ ಅಂತ ಹಾಗೆ. ಲಿಫ್ಟ್ ರಿಪೇರಿಗೆಂದು ಕಂಪನಿ ಅವರನ್ನು ಊರಿಂದೂರಿಗೆ ಅಟ್ಟುತ್ತದೆ. ಇಲ್ಲಿ ಆಸ್ಪತ್ರೆ, ಅಲ್ಲಿ ಬಟ್ಟೆ ಅಂಗಡಿ, ಮತ್ತೊಂದು ಕಡೆ ಏಳು ಮಹಡಿಯ ಕಚೇರಿ. ಕೆಲಸ ಮುಗಿದು ಬಸ್ಸು ಬರುವವರೆಗಿನ ಹೊತ್ತು ಅವರ ಸ್ವಂತದ್ದು. ಆಗ ಚೀಲದ ತಳದಿಂದ ಕ್ಯಾಮೆರಾ ಹೊರಗೆ ಬರುತ್ತದೆ. ಅಂಗಡಿ ಮುಚ್ಚಿದ ಮದುವೆ ಫೋಟೊಗ್ರಾಫರೊಬ್ಬರಿಂದ ಕೊಂಡದ್ದು, ಬ್ಯಾಟರಿಯ ಮುಚ್ಚಳ ರಬ್ಬರ್ ಬ್ಯಾಂಡಿನ ಆಸರೆಯಲ್ಲಿದೆ. ಶಟರ್ ಎತ್ತುವ ಅಂಗಡಿಯವರು, ಸುತ್ತು ಮೆಟ್ಟಿಲುಗಳು, ತುಕ್ಕು ಹಿಡಿದ ಬಾಲ್ಕನಿಗಳು, ಬೀಗ ಜಡಿದ ಸಿನಿಮಾ ಮಂದಿರಗಳು ಅದರೊಳಗೆ ಸೇರುತ್ತವೆ.

ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. "ಅಷ್ಟು ಊರು ಸುತ್ತಿ ಬರ್ತಾರೆ, ಒಂದು ಗಾಜಿನ ಲೋಟ ತಂದವರಲ್ಲ. ಬ್ಯಾಗ್ ಬಿಚ್ಚಿದ್ರೆ ಬರೀ ಬಿದ್ದ ಗೋಡೆ" ಎಂದು ಹೊಲಿಗೆ ಯಂತ್ರ ನಿಲ್ಲಿಸದೆಯೇ ಚುಚ್ಚುತ್ತಾರೆ. ಆದರೆ ಪಾಳಣ್ಣನ ಚಿತ್ರಗಳ ದಾರಿ ತಿರುಗಿಸಿದವರೂ ಅವರೇ. ಬಹಳ ಹಿಂದೆ, ಮುಚ್ಚಿದ ಅಂಚೆ ಕಚೇರಿಯೊಂದರ ಚಿತ್ರ ತಂದು ಹೆಮ್ಮೆಯಿಂದ ತೋರಿಸಿದಾಗ ಅವರು ಹೇಳಿದ್ದು ಇಷ್ಟೇ: "ಚೆನ್ನಾಗಿದೆ. ಆದ್ರೆ ಯಾರೂ ಇಲ್ಲದಾಗ ಇನ್ನೊಬ್ಬರ ಮನೆಗೆ ನುಗ್ಗಿ ಬಂದ ಹಾಗಿದೆಯಲ್ರೀ."

ಆ ಮಾತು ಪಾಳಣ್ಣನಿಗೆ ನಾಟಿತು. ಅಂದಿನಿಂದ ಅವರು ಯಾವ ಪಾಳು ಕಟ್ಟಡಕ್ಕೂ ಒಬ್ಬರೇ ಹೋಗುವುದಿಲ್ಲ. ಮೊದಲು ಬೀದಿಯಲ್ಲಿ ವಿಚಾರಿಸುತ್ತಾರೆ, ಇಲ್ಲಿ ಕೆಲಸ ಮಾಡುತ್ತಿದ್ದವರು ಯಾರಾದರೂ ಇದ್ದಾರಾ ಅಂತ. ಸಿಕ್ಕವರನ್ನು ಕರೆದುಕೊಂಡು ಹೋಗಿ, ಅವರು ದಿನಾ ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಿಸುತ್ತಾರೆ. ಆಮೇಲೆ ಕ್ಯಾಮೆರಾ. ಸಿನಿಮಾ ಮಂದಿರದ ಟಿಕೆಟ್ ಕೊಡುವವರು ಕಿಂಡಿಯೊಳಗಿಂದ ಕೈ ಚಾಚಿದ್ದಾರೆ. ಮುಚ್ಚಿದ ಆಸ್ಪತ್ರೆಯ ದಾದಿ, ಈಗ ಅಲ್ಲಿಲ್ಲದ ಮಂಚದ ಕಾಲ ಬಳಿ ನಿಂತಿದ್ದಾರೆ. ಎಲ್ಲರೂ ಚಿತ್ರದಲ್ಲಿ ಪುಟ್ಟದಾಗಿ, ಯಾವುದೋ ಮೂಲೆಯಲ್ಲಿ ಕಾಣುತ್ತಾರೆ. ಹುಡುಕಿದರೆ ಸಿಗುತ್ತಾರೆ. ಯಾರೂ ಸಿಗದ ಊರಿನಿಂದ ಪಾಳಣ್ಣ ಚಿತ್ರವಿಲ್ಲದೆ ಮರಳಿದ್ದೂ ಉಂಟು.

"ಪಾಳು ಅನ್ನೋದು ದೂರದಿಂದ ನೋಡೋರ ಮಾತು. ಅಲ್ಲಿ ದುಡಿದವರಿಗೆ ಅದು ಈಗಲೂ ಆಫೀಸು, ಈಗಲೂ ಗಿರಣಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದವರನ್ನ ನೋಡಿದೀನಿ" ಎನ್ನುತ್ತಾರೆ.

ಗಿರಣಿಗೆ ಅವರನ್ನು ಕರೆದುಕೊಂಡು ಹೋದವರು ನೂಲಕ್ಕ. ಕಡಿದ ಎಳೆಗಳನ್ನು ಸೇರಿಸುವ ಕೆಲಸದಲ್ಲೇ ಕೂದಲು ನರೆತವರು. ಗಿರಣಿಗೆ ಬೀಗ ಬಿದ್ದ ವಿಷಯ ಅವರಿಗೂ ಉಳಿದ ಕೆಲಸಗಾರರಿಗೂ ತಿಳಿದದ್ದು ಬೆಳಗಿನ ಪಾಳಿಗೆ ಬಂದು ಗೇಟಿನ ಮುಂದೆ ನಿಂತಾಗ. ಆಮೇಲೆ ಒಳಗೆ ಕಾಲಿಟ್ಟದ್ದು ಪಾಳಣ್ಣನ ಜೊತೆಯಲ್ಲೇ. ಯಂತ್ರಗಳೆಲ್ಲ ಗುಜರಿಗೆ ಹೋಗಿದ್ದ ಆ ಕೋಣೆಯಲ್ಲಿ ನೂಲಕ್ಕ ನೆಲ ನೋಡದೆ ನಡೆದು, ಆ ನಾಲ್ಕು ಬೋಲ್ಟುಗಳ ನಡುವೆ ಸರಿಯಾಗಿ ನಿಂತರು. ಆಮೇಲೆ, "ಈ ಕೋಣೆ ಇಷ್ಟು ಸುಮ್ಮನಿದ್ದದ್ದು ನಾನು ಯಾವತ್ತೂ ಕೇಳೇ ಇಲ್ಲ ತಮ್ಮಾ" ಎಂದರು. ಹಾಗೆನ್ನುತ್ತಲೇ ಎಡಗೈ ತಾನಾಗಿ ಮೇಲೆದ್ದು, ಗಾಳಿಯಲ್ಲಿ ಇಲ್ಲದ ಎಳೆಯೊಂದನ್ನು ಹಿಡಿಯಿತು. ಪಾಳಣ್ಣ ಕ್ಯಾಮೆರಾ ಒತ್ತಿದರು.

ಗಿರಣಿ ಹೋಟೆಲಾಗುವ ಸುದ್ದಿ ಬಂತು. ಹಳೆಯ ಚಿತ್ರಗಳನ್ನು ಹುಡುಕಿಕೊಂಡು ಬಂದ ಹೋಟೆಲಿನವರಿಗೆ ಪಾಳಣ್ಣನ ವಿಳಾಸ ಕೊಟ್ಟವರು ನೂಲಕ್ಕನೇ. ನಮ್ಮ ಲಿಫ್ಟಿನ ತಮ್ಮ ನನ್ನದೊಂದು ತೆಗೆದಿದ್ದಾನೆ ಎಂದು ಅವರಿಗೆ ಅಭಿಮಾನ. ಚಿತ್ರ ಕೊಟ್ಟ ಪಾಳಣ್ಣ ಕೇಳಿದ್ದು ಒಂದೇ, ಕೆಳಗೆ ಆಯಮ್ಮನ ಹೆಸರು ಹಾಕಿ ಅಂತ. "ಖಂಡಿತ ಸಾರ್, ಇದು ಅವರದ್ದೇ ಚರಿತ್ರೆಯಲ್ವಾ" ಎಂದು ಬಂದವರು ಎರಡೂ ಕೈ ಕುಲುಕಿ ಹೋದರು.

ಹೋಟೆಲಿನ ಲಿಫ್ಟಿನ ಉಸ್ತುವಾರಿ ಪಾಳಣ್ಣನ ಕಂಪನಿಗೇ ಬಂತು. ಮೊದಲ ದಿನ ಹಜಾರದೊಳಗೆ ಬಂದ ಪಾಳಣ್ಣ ಚೀಲ ಕೆಳಗಿಡುವುದನ್ನೂ ಮರೆತು ನಿಂತರು. ಗೋಡೆಯ ಮೇಲೆ ಕಿಟಕಿಗಳಿದ್ದವು, ಬಿಸಿಲಿತ್ತು, ಬೋಲ್ಟುಗಳಿದ್ದವು. ನೂಲಕ್ಕ ಇರಲಿಲ್ಲ. ಕಂಪ್ಯೂಟರಿನಲ್ಲಿ ಆಕೆಯನ್ನು ನಾಜೂಕಾಗಿ ಒರೆಸಿ ಹಾಕಿದ್ದರು. ಒರೆಸಿದವರ ಗಮನ ನೆರಳಿನ ಕಡೆ ಹೋಗಿರಲಿಲ್ಲ, ಅಷ್ಟೇ.

ವ್ಯವಸ್ಥಾಪಕರು ಕೆಟ್ಟವರೇನಲ್ಲ, ನಗುನಗುತ್ತಲೇ ವಿವರಿಸಿದರು. "ನೋಡಿ, ಬರೋರು ಆರಾಮಕ್ಕೆ ಬರ್ತಾರೆ. ಮುದುಕಿಯೊಬ್ಬಳು ಹಾಗೆ ನಿಂತಿದ್ರೆ ಏನೋ ಒಂಥರಾ ಆಗುತ್ತೆ. ಖಾಲಿ ಇದ್ರೆ ಚಂದ."

ಖಾಲಿ ಇದ್ದರೆ ಚಂದ! ಆ ಕೋಣೆ ತಾನಾಗಿ ಖಾಲಿಯಾದದ್ದಲ್ಲ. ದುಡಿಯುತ್ತಿದ್ದವರನ್ನು ಒಂದು ಬೆಳಿಗ್ಗೆ ಗೇಟಿನಾಚೆ ನಿಲ್ಲಿಸಿ ಖಾಲಿ ಮಾಡಿದ್ದು. ಈಗ ಚಿತ್ರದಿಂದಲೂ ಹೊರಗೆ ಹಾಕಿದ್ದಾರೆ. ತುಕ್ಕು ಬೇಕು, ಬಿರುಕು ಬೇಕು, ಒಡೆದ ಗಾಜೂ ಬೇಕು, ಅವುಗಳ ನಡುವೆ ಆಯಸ್ಸು ಸವೆಸಿದ ಹೆಂಗಸು ಮಾತ್ರ ಬೇಡ. ಅದಕ್ಕೆ ಮೌನವೆಂಬ ಹೆಸರು ಬೇರೆ. ಅದು ಮೌನವಲ್ಲ. ಮಾತಾಡುವವರ ಬಾಯಿ ಮುಚ್ಚಿಸಿದ ಮೇಲೆ ಉಳಿಯುವುದನ್ನು ಮೌನವೆಂದು ಚೌಕಟ್ಟು ಹಾಕಿ ತೂಗುಹಾಕುವುದು ಕಲೆಯೂ ಅಲ್ಲ.

ಇತ್ತ ನೂಲಕ್ಕನದು ಒಂದೇ ರಾಗ, ಗೋಡೆಯ ಮೇಲಿನ ತನ್ನನ್ನು ನೋಡಬೇಕು. ಪಾಳಣ್ಣ ಏನೇನೋ ನೆಪ ಹೇಳಿದರು. ಬಣ್ಣ ಹೊಡೀತಿದಾರೆ ಅಕ್ಕ, ಚೌಕಟ್ಟು ಬದಲಾಯಿಸ್ತಿದಾರೆ ಅಕ್ಕ. ಎಷ್ಟು ದಿನ ಮುಂದೂಡುವುದು? ಪಾಳಣ್ಣ ಲಿಫ್ಟಿಗೆ ಎಣ್ಣೆ ಬಿಡುತ್ತಿದ್ದ ಒಂದು ಬೆಳಿಗ್ಗೆ ನೂಲಕ್ಕ ಒಗೆದು ಮಡಿಚಿಟ್ಟ ಸೀರೆಯುಟ್ಟು, ಗಿರಣಿಯಲ್ಲಿ ಪಕ್ಕದ ಯಂತ್ರದಲ್ಲೇ ದುಡಿಯುತ್ತಿದ್ದ ತಂಗಿಯನ್ನೂ ಕರೆದುಕೊಂಡು ಬಂದೇಬಿಟ್ಟರು.

"ಯಾರನ್ನ ನೋಡ್ಬೇಕಿತ್ತಮ್ಮ?" ಕಾವಲಿನವನು ಬಾಗಿಲಲ್ಲೇ ತಡೆದ.

"ನನ್ನನ್ನೇ ನೋಡ್ಬೇಕಿತ್ತಪ್ಪ. ಒಳಗೆ ಗೋಡೆ ಮೇಲಿದೀನಂತೆ."

ದನಿ ಕೇಳಿ ಪಾಳಣ್ಣ ಕೈ ಒರೆಸಿಕೊಳ್ಳುತ್ತಾ ಓಡಿಬಂದು ಇಬ್ಬರನ್ನೂ ಒಳಗೆ ಕರೆತಂದರು. ನೂಲಕ್ಕ ಚಿತ್ರದ ಮುಂದೆ ನಿಂತರು. ತಂಗಿ ಕಣ್ಣು ಕಿರಿದು ಮಾಡಿ ಈ ತುದಿಯಿಂದ ಆ ತುದಿಗೆ ಹುಡುಕಿದರು. "ಎಲ್ಲಿದೀಯೇ ನೀನು? ನನ್ನ ಕಣ್ಣಿಗಂತೂ ಕಾಣ್ತಿಲ್ಲ."

ನೂಲಕ್ಕ ಮುಂದೆ ಹೋಗಿ ನೆರಳಿನ ಮೇಲೆ ಬೆರಳಿಟ್ಟರು. "ಇದು ನಾನು. ನೋಡು, ಕೈ ಎತ್ತಿದೀನಿ."

"ಅಮ್ಮಾ, ದಯವಿಟ್ಟು ಮುಟ್ಟಬೇಡಿ" ಎಂದು ವ್ಯವಸ್ಥಾಪಕರು ಮೇಜಿನ ಹಿಂದಿನಿಂದ ಎದ್ದು ಬಂದರು. "ಅದು ಕಂಬದ ನೆರಳು."

"ಕಂಬಕ್ಕೆ ಕೈ ಬರುತ್ತೇನಪ್ಪಾ? ನೀನು ಯಾವ ಊರಲ್ಲಿ ನೋಡಿದೀಯ?" ಎಂದರು ತಂಗಿ.

ವ್ಯವಸ್ಥಾಪಕರು ಇಬ್ಬರಿಗೂ ಕಾಫಿ ತರಲು ಹೇಳಿದರು. ನೂಲಕ್ಕ ಬೇಡವೆಂದು ತಲೆಯಾಡಿಸಿ ಪಾಳಣ್ಣನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ ತಮ್ಮಾ?"

"ಗೊತ್ತಿತ್ತು ಅಕ್ಕ."

ನೂಲಕ್ಕ ಬಂದ ಬಾಗಿಲಲ್ಲೇ ತಂಗಿಯ ಕೈ ಹಿಡಿದು ಹೊರಟುಹೋದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ಪಾಳಣ್ಣ ಈಗಲೂ ಅಂದುಕೊಳ್ಳುತ್ತಾರೆ.

ಜೊತೆಗಾರರು ಉಪಾಯ ಹೇಳಿಕೊಟ್ಟಿದ್ದಾರೆ. "ಒಂದು ದಿನ ಲಿಫ್ಟ್ ನಿಲ್ಸಯ್ಯಾ ಪಾಳಣ್ಣ. ನಾಲ್ಕು ಮಹಡಿ ಸೂಟ್‌ಕೇಸ್ ಹೊತ್ತರೆ ಅವರಿಗೇ ಬುದ್ಧಿ ಬರುತ್ತೆ." ಅವರು ಒಪ್ಪುವುದಿಲ್ಲ. "ಸೂಟ್‌ಕೇಸ್ ಹೊರೋರು ಅತಿಥಿಗಳಲ್ಲ, ಅಲ್ಲಿ ಕೆಲಸಕ್ಕಿರೋ ಹುಡುಗರು. ಅವರ ಬೆನ್ನು ಮುರಿದು ನನಗೇನು ಸಿಗುತ್ತೆ?" ಎನ್ನುತ್ತಾರೆ. ಹಾಗೆಂದು ಸುಮ್ಮನಾಗಿಯೂ ಇಲ್ಲ. ಲಿಫ್ಟ್ ನೋಡಲು ಬಂದಾಗಲೆಲ್ಲ ಕೆಲಸ ಮುಗಿಸಿ, ಕೈ ತೊಳೆದು, ನೇರ ವ್ಯವಸ್ಥಾಪಕರ ಮೇಜಿನ ಮುಂದೆ ನಿಲ್ಲುತ್ತಾರೆ. ಮೂಲ ಚಿತ್ರವನ್ನೇ ಹಾಕಿ ಎಂಬ ಅದೇ ಮಾತು, ಅವರ ಅದೇ ನಗು, ಮುಂದೆ ನೋಡೋಣವೆಂಬ ಅದೇ ಉತ್ತರ. ನೂಲಕ್ಕನಿರುವ ಮೂಲ ಚಿತ್ರದ ಪ್ರತಿಯೊಂದು ಅವರ ಚೀಲದಲ್ಲಿ, ಹೆಂಡತಿ ಹೊಲಿದುಕೊಟ್ಟ ಬಟ್ಟೆಯ ಕವಚದೊಳಗೆ ಸದಾ ಇರುತ್ತದೆ. ವ್ಯವಸ್ಥಾಪಕರು ಒಮ್ಮೆ ಹೂಂ ಎಂದರೆ ಆ ಕ್ಷಣವೇ ಕೊಡಲು ತಯಾರು.

ಇವತ್ತೂ ಕೈ ತೊಳೆದು ಬಂದಿದ್ದಾರೆ. ವ್ಯವಸ್ಥಾಪಕರು ಇನ್ನೂ ಬಂದಿಲ್ಲ. ಹಜಾರದ ಕಿಟಕಿಗಳಿಂದ ಬೆಳಗಿನ ಬಿಸಿಲು ಓರೆಯಾಗಿ ಬಿದ್ದು, ಕಾಯುತ್ತಾ ನಿಂತ ಪಾಳಣ್ಣನ ನೆರಳು ಗೋಡೆ ಹತ್ತುತ್ತಿದೆ. ಅದು ಚಿತ್ರಕ್ಕೆ ತಾಗದಂತೆ ಅವರು ಸ್ವಲ್ಪ ಪಕ್ಕಕ್ಕೆ ಸರಿಯುತ್ತಾರೆ.

"ನನ್ನ ಹೆಸರೇನೂ ಬೇಡ. ಆಯಮ್ಮನ್ನ ವಾಪಸ್ ನಿಲ್ಲಿಸಲಿ, ಅಷ್ಟು ಸಾಕು" ಎನ್ನುತ್ತಾರೆ. "ಎಲ್ಲಿ ನಿಲ್ಲಿಸ್ಬೇಕು ಅಂತ ಹುಡುಕೋ ಕಷ್ಟನೂ ಇಲ್ಲ. ನೆರಳು ಜಾಗ ಹಿಡ್ಕೊಂಡು ಕಾಯ್ತಾ ಇದೆ."